ಹೊಗೆಯನ್ನು ಹೂಳಲು ತೆರಿಗೆಯ ಮಾನ್ಯ

ಅರಸು ತೆರಿಗೆಯನ್ನೆತ್ತುವುದು ಬೊಕ್ಕಸವನ್ನು ತುಂಬಿಸಿಕೊಳ್ಳುವುದಕ್ಕಾಗಿ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ತೆರಿಗೆಗೆ ಇನ್ನೊಂದು ಕೆಲಸವೂ ಉಂಟು. ಪ್ರಜೆಗಳು ಯಾವುದನ್ನು ಮಾಡಬಾರದೋ ಅದರ ಮೇಲೆ ತೆರಿಗೆಯನ್ನು ಹೇರಿ ಅದನ್ನು ತಗ್ಗಿಸಬಹುದು; ಯಾವುದನ್ನು ಮಾಡಬೇಕೋ ಅದಕ್ಕೆ ತೆರಿಗೆಯನ್ನು ಬಿಟ್ಟುಕೊಟ್ಟು ಅದನ್ನು ಹೆಚ್ಚಿಸಬಹುದು. ಈ ಎರಡನೆಯ ಬಗೆ ಕನ್ನಡಿಗರಿಗೆ ಹೊಸದಲ್ಲ. ಕೆರೆಯನ್ನು ಕಟ್ಟಿಸಿದವರಿಗೆ, ಕಟ್ಟಿದ ಕೆರೆಯನ್ನು ಕಾಪಾಡಿದವರಿಗೆ ಕಟ್ಟುಗೊಡಗೆ, ಬಿತ್ತುವಟ್ಟ ಎಂಬ ಹೆಸರಿನಲ್ಲಿ ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹೂಳೆತ್ತುವ ಬಂಡಿಗೂ ಕೋಣಗಳಿಗೂ ಪ್ರತ್ಯೇಕವಾಗಿ ದತ್ತಿ ಬಿಟ್ಟ ಊರುಗಳೂ ಇದ್ದುವು.

ನಮ್ಮ ಕಾಲದಲ್ಲಿ ಇಂಥದೇ ಒಂದು ಮಾನ್ಯವನ್ನು ಬೇರೆ ದೇಶಗಳು ಬೇರೊಂದು ಕೆಲಸಕ್ಕೆ ಬಿಟ್ಟುಕೊಟ್ಟಿವೆ. ಅದು ನೀರನ್ನು ನಿಲ್ಲಿಸುವ ಕೆಲಸವಲ್ಲ, ಹೊಗೆಯನ್ನು ಹೂಳುವ ಕೆಲಸ. ಕಲ್ಲಿದ್ದಲು, ತೈಲ, ಅನಿಲಗಳನ್ನು ಉರಿಸಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡನ್ನು, ಎಂದರೆ ಇಂಗಾಲಾಮ್ಲವನ್ನು, ಆಕಾಶಕ್ಕೆ ಬಿಡದೆ ಹಿಡಿದು, ಒತ್ತಿ, ನೆಲದಾಳದ ಕಲ್ಲಿನ ಪದರಗಳಲ್ಲಿ ತುಂಬಿಡುವ ವಿದ್ಯೆ ಅದು. ಈ ವಿದ್ಯೆಯನ್ನು ಬೆಳೆಸಲು ಎರಡು ರಾಜ್ಯಗಳು ಎರಡು ಉಪಾಯಗಳನ್ನು ಹಿಡಿದುವು. ನಮ್ಮ ರಾಜನೀತಿಯ ಭಾಷೆಯಲ್ಲಿ ಹೇಳುವುದಾದರೆ, ನಾರ್ವೆ ಮೊದಲು ದಂಡವನ್ನು ಹಿಡಿಯಿತು, ಅಮೆರಿಕ ದಾನವನ್ನು ಹಿಡಿಯಿತು. ಆ ಎರಡು ಕಥೆಗಳನ್ನು ಜೊತೆಯಲ್ಲಿಟ್ಟು ನೋಡುವುದು ಈ ಭಾಷಣದ ಉದ್ದೇಶ.

ನಾರ್ವೆ ಚಿಕ್ಕ ದೇಶ. ಸಮುದ್ರದ ತಳದಿಂದ ತೈಲವನ್ನೂ ಅನಿಲವನ್ನೂ ತೆಗೆದು ಸಿರಿವಂತವಾದ ದೇಶ. ಲೋಕದ ಪರಿಸರವನ್ನು ಕುರಿತು ವಿಶ್ವಸಂಸ್ಥೆಗೆ 1987ರಲ್ಲಿ ಹೆಸರಾಂತ ವರದಿಯೊಂದನ್ನು ಒಪ್ಪಿಸಿದ ಆಯೋಗದ ಅಧ್ಯಕ್ಷೆ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಆ ದೇಶದ ಪ್ರಧಾನಿಯಾಗಿದ್ದವರು. ಅವರು ಮತ್ತೆ ಪ್ರಧಾನಿಯಾಗಿದ್ದಾಗಲೇ, 1991ರಲ್ಲಿ, ನಾರ್ವೆಯ ಇಂಗಾಲ ತೆರಿಗೆ ಜಾರಿಗೆ ಬಂದಿತು. ಅದಕ್ಕೆ ಒಂದು ವರ್ಷ ಮೊದಲೇ ಫಿನ್ಲೆಂಡ್ ಇಂಥ ತೆರಿಗೆಯನ್ನು ವಿಧಿಸಿತ್ತು. ಆದರೆ ನಾರ್ವೆಯ ತೆರಿಗೆಯ ವಿಶೇಷವೆಂದರೆ ಅದು ಸಮುದ್ರದ ನಡುವೆ ನಿಂತ ತೈಲದ ಕಟ್ಟೆಗಳನ್ನೂ ಬಿಡಲಿಲ್ಲ. ಹೊರಬಿಟ್ಟ ಇಂಗಾಲಾಮ್ಲದ ಟನ್ನೊಂದಕ್ಕೆ ಸುಮಾರು 50 ಡಾಲರುಗಳಷ್ಟು ಭಾರ ಬಿದ್ದಿತು.

ಆಗ ಸ್ಟಾಟೊಯಿಲ್ ಎಂಬ ಸರ್ಕಾರಿ ಸಂಸ್ಥೆ ಉತ್ತರ ಸಮುದ್ರದಲ್ಲಿ ಸ್ಲೈಪ್ನರ್ ಎಂಬ ನಿಕ್ಷೇಪದಿಂದ ಅನಿಲ ತೆಗೆಯುವ ಸಿದ್ಧತೆಯಲ್ಲಿತ್ತು. ನಾರ್ಸ್ ಪುರಾಣದಲ್ಲಿ ಸ್ಲೈಪ್ನರ್ ಎಂದರೆ ಓಡಿನ್ ದೇವನ ಎಂಟು ಕಾಲಿನ ಕುದುರೆ. ಈ ಕುದುರೆಗೆ ಒಂದು ಸುಳಿಯಿತ್ತು. ಅಲ್ಲಿನ ಪಶ್ಚಿಮ ಭಾಗದ ಅನಿಲದಲ್ಲಿ ಇಂಗಾಲಾಮ್ಲ ನೂರಕ್ಕೆ ಒಂಬತ್ತರವರೆಗೂ ಬೆರೆತಿತ್ತು. ಕೊಳ್ಳುವವರು ಎರಡೂವರೆಗಿಂತ ಹೆಚ್ಚನ್ನು ಒಪ್ಪುತ್ತಿರಲಿಲ್ಲ. ತೆರಿಗೆಯಿರಲಿ ಇಲ್ಲದಿರಲಿ, ಅದನ್ನು ಬೇರ್ಪಡಿಸಲೇಬೇಕು. ಬೇರ್ಪಡಿಸಿದ್ದನ್ನು ಏನು ಮಾಡುವುದೆಂಬುದೇ ಪ್ರಶ್ನೆ. ಗಾಳಿಗೆ ಬಿಟ್ಟರೆ ವರ್ಷಕ್ಕೆ ಹತ್ತು ಲಕ್ಷ ಟನ್ನಿನ ಹತ್ತಿರ. ತೆರಿಗೆ ಐದು ಕೋಟಿ ಡಾಲರಿನ ಹತ್ತಿರ. ನೆಲಕ್ಕೆ ಇಳಿಸುವ ಯಂತ್ರಕ್ಕೂ ಬಾವಿಗೂ ತಗಲುವ ವೆಚ್ಚ ಕೆಲವೇ ವರ್ಷಗಳ ತೆರಿಗೆಯಲ್ಲಿ ತೀರುವಂಥದು. ಲೆಕ್ಕ ಬಲ್ಲವರಿಗೆ ಹೆಚ್ಚು ಆಲೋಚನೆ ಬೇಕಾಗಲಿಲ್ಲ. 1996ರಲ್ಲಿ ಕೆಲಸ ಆರಂಭವಾಯಿತು.

ಸಮುದ್ರತಳದಿಂದ ಎಂಟುನೂರು ಮೀಟರಿಗೂ ಕೆಳಗೆ ಉಟ್ಸಿರಾ ಎಂಬ ಮರಳುಗಲ್ಲಿನ ಪದರವಿದೆ. ಅದರ ಸಂದುಗಳಲ್ಲಿ ಉಪ್ಪುನೀರು ನಿಂತಿದೆ. ಮೇಲೆ ಬಿಗಿಯಾದ ಜೇಡಿಗಲ್ಲಿನ ಮುಚ್ಚಳವಿದೆ. ಆ ಆಳದ ಒತ್ತಡದಲ್ಲಿ ಇಂಗಾಲಾಮ್ಲವು ಅನಿಲದಂತೆ ಹರಡಿಕೊಳ್ಳದೆ ದ್ರವದಂತೆ ಸಾಂದ್ರವಾಗಿ, ಕಡಮೆ ಜಾಗದಲ್ಲಿ ಅಡಗುತ್ತದೆ. ಭೂಮಿಯೊಳಕ್ಕೆ ಧ್ವನಿತರಂಗಗಳನ್ನು ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಅದು ಎಲ್ಲಿ ಹರಡಿದೆಯೆಂದು ವಿಜ್ಞಾನಿಗಳು ಕಾಲಕಾಲಕ್ಕೆ ಪರೀಕ್ಷಿಸುತ್ತ ಬಂದರು. ಕಾಲು ಶತಮಾನದಲ್ಲಿ ಒಂದೂವರೆ ಕೋಟಿ ಟನ್ನಿಗೂ ಮಿಗಿಲಾಗಿ ಹೀಗೆ ನೆಲ ಸೇರಿದೆ. ಹೂಳುವುದು ಸಾಧ್ಯ ಎಂಬುದಕ್ಕೆ ಲೋಕವೆಲ್ಲ ಇಂದಿಗೂ ಎತ್ತಿ ಹೇಳುವ ಉದಾಹರಣೆ ಇದೇ.

ಆದರೆ ಈ ಜಯದಲ್ಲಿ ಒಂದು ಮರೆವು ಅಡಗಿತ್ತು. ಸ್ಲೈಪ್ನರಿನಲ್ಲಿ ಹಿಡಿಯುವ ಖರ್ಚನ್ನು ಅನಿಲದ ವ್ಯಾಪಾರವೇ ಹೊತ್ತಿತ್ತು. ತೆರಿಗೆ ಹೊರಬೇಕಾದದ್ದು ಹೂಳುವ ಖರ್ಚನ್ನು ಮಾತ್ರ. ವಿದ್ಯುತ್ ಸ್ಥಾವರದ ಹೊಗೆಯಲ್ಲಿ ಬಹುಪಾಲು ಸಾರಜನಕ. ಅದರಿಂದ ಇಂಗಾಲಾಮ್ಲವನ್ನು ಹೆಕ್ಕಿ ತೆಗೆಯುವುದೇ ದುಬಾರಿ. ಅದಕ್ಕೆ ಬೇಕಾದ ಶಾಖಕ್ಕಾಗಿ ಸ್ಥಾವರ ತಾನು ಉತ್ಪಾದಿಸುವ ಶಕ್ತಿಯಲ್ಲೇ ಒಂದು ಪಾಲನ್ನು ತೆರಬೇಕು. ಪ್ರಧಾನಿ ಯೆನ್ಸ್ ಸ್ಟೋಲ್ಟೆನ್‌ಬರ್ಗ್ 2007ರ ಹೊಸ ವರ್ಷದ ಭಾಷಣದಲ್ಲಿ ಮೋಂಗ್‌ಸ್ಟಾಡಿನ ಸ್ಥಾವರದ ಹೊಗೆಯನ್ನು ಹಿಡಿಯುವ ಯೋಜನೆಯನ್ನು ಚಂದ್ರಲೋಕಯಾತ್ರೆಗೆ ಹೋಲಿಸಿದರು. 2013ರಲ್ಲಿ ಅದೇ ಸರ್ಕಾರ ಆ ಮಹಾಯೋಜನೆಯನ್ನು ಕೈಬಿಟ್ಟಿತು. ದಂಡದಿಂದ ಸುಲಭದ ಕೆಲಸ ಆಯಿತು. ಕಠಿನದ ಕೆಲಸ ಆಗಲಿಲ್ಲ. ಕಡೆಗೆ ನಾರ್ವೆಯೂ ದಾನಕ್ಕೆ ಇಳಿಯಬೇಕಾಯಿತು. ಬ್ರೆವಿಕ್‌ನ ಸಿಮೆಂಟ್ ಕಾರ್ಖಾನೆಯಲ್ಲಿ ಹಿಡಿದ ಇಂಗಾಲಾಮ್ಲವನ್ನು ಹಡಗಿನಲ್ಲಿ ಸಾಗಿಸಿ ಸಮುದ್ರದಡಿ ಹೂಳುವ ಕಾರ್ಯ 2025ರಲ್ಲಿ ಮೊದಲಾಯಿತು. ಆ ಯೋಜನೆಯ ವೆಚ್ಚದಲ್ಲಿ ದೊಡ್ಡ ಪಾಲನ್ನು ಸರ್ಕಾರದ ಬೊಕ್ಕಸವೇ ಕೊಟ್ಟಿತು.

ಅಮೆರಿಕದ ಕಥೆ ಇನ್ನೊಂದು ತುದಿಯಿಂದ ಹೊರಡುತ್ತದೆ. ಅಲ್ಲಿ ಇಂಗಾಲಾಮ್ಲವನ್ನು ನೆಲಕ್ಕಿಳಿಸುವ ರೂಢಿ ಹಳೆಯದು. ಉದ್ದೇಶ ಮಾತ್ರ ಬೇರೆ. ಮುದಿಯಾದ ತೈಲದ ಬಾವಿಗಳಲ್ಲಿ ಕಲ್ಲಿಗಂಟಿಕೊಂಡ ತೈಲವನ್ನು ಹೊರಡಿಸಲು ಟೆಕ್ಸಾಸಿನಲ್ಲಿ 1972ರಿಂದಲೇ ಅದನ್ನು ತುಂಬುತ್ತಿದ್ದರು. ಇಂಧನದ ಮೇಲೆ ತೆರಿಗೆ ಹಾಕುವ ಮಾತು ಅಮೆರಿಕದ ರಾಜಕಾರಣಕ್ಕೆ ಒಗ್ಗುವುದಲ್ಲ. ಅಧ್ಯಕ್ಷ ಕ್ಲಿಂಟನ್ 1993ರಲ್ಲಿ ಅಂಥ ತೆರಿಗೆಯನ್ನು ಸೂಚಿಸಿದಾಗ ಅದು ಪ್ರತಿನಿಧಿ ಸಭೆಯನ್ನು ದಾಟಿ ಸೆನೆಟಿನಲ್ಲಿ ಮುಗ್ಗರಿಸಿತು. ದಂಡದ ಬಾಗಿಲು ಮುಚ್ಚಿದಾಗ ಉಳಿದದ್ದು ದಾನದ ಬಾಗಿಲು.

ಆ ಬಾಗಿಲು ತೆರೆದದ್ದು ವಿಚಿತ್ರ ಸಂದರ್ಭದಲ್ಲಿ. 2008ರ ಅಕ್ಟೋಬರಿನಲ್ಲಿ, ಕುಸಿಯುತ್ತಿದ್ದ ಬ್ಯಾಂಕುಗಳನ್ನು ಎತ್ತಿ ನಿಲ್ಲಿಸಲು ತರಾತುರಿಯಿಂದ ಮಾಡಿದ ಕಾನೂನಿನ ಜೊತೆಗೇ ತೆರಿಗೆ ಸಂಹಿತೆಗೆ 45ಕ್ಯೂ ಎಂಬ ವಿಧಿ ಸೇರಿತು. ಒಂದು ಟನ್ ಇಂಗಾಲಾಮ್ಲವನ್ನು ಹಿಡಿದು ಶಾಶ್ವತವಾಗಿ ಹೂಳಿದರೆ, ಕೊಡಬೇಕಾದ ತೆರಿಗೆಯಲ್ಲಿ 20 ಡಾಲರ್ ಸೋಡಿ. ತೈಲ ತೆಗೆಯಲು ಬಳಸಿದರೆ 10 ಡಾಲರ್. ದೇಶಕ್ಕೆಲ್ಲ ಏಳೂವರೆ ಕೋಟಿ ಟನ್ನಿನ ಮಿತಿಯನ್ನೂ ಇಟ್ಟಿದ್ದರು. ಈ ಮೊತ್ತ ಕಲ್ಲಿದ್ದಲಿನ ಸ್ಥಾವರಗಳನ್ನು ಅಲುಗಿಸಲಿಲ್ಲ. 2018ರಲ್ಲಿ ಮಿತಿಯನ್ನು ತೆಗೆದು, ಮಾನ್ಯವನ್ನು ಹಂತಹಂತವಾಗಿ 50 ಮತ್ತು 35 ಡಾಲರಿಗೆ ಏರಿಸುವಂತೆ ತಿದ್ದಿದರು. ಒಂದು ಸ್ಥಾವರಕ್ಕೆ 12 ವರ್ಷ ಈ ಸೌಲಭ್ಯ. 2022ರಲ್ಲಿ ಅದು 85 ಮತ್ತು 60 ಆಯಿತು. ಬಯಲು ಗಾಳಿಯಿಂದಲೇ ಹೀರಿ ಹೂಳುವವರಿಗೆ 180. 2025ರ ಜುಲೈ ತಿಂಗಳ ಕಾನೂನು, ಹೊಸ ಸ್ಥಾವರಗಳ ಮಟ್ಟಿಗೆ, ಸುಮ್ಮನೆ ಹೂಳುವುದಕ್ಕೂ ತೈಲಕ್ಕಾಗಿ ಹೂಳುವುದಕ್ಕೂ ಇದ್ದ ಭೇದವನ್ನೇ ಅಳಿಸಿ ಎರಡಕ್ಕೂ 85 ಡಾಲರ್ ಎಂದಿತು. ಹೊಗೆಯನ್ನು ತಗ್ಗಿಸಲೆಂದು ಹುಟ್ಟಿದ ಮಾನ್ಯ, ಮತ್ತೆ ಹೊಗೆಯಾಗಲಿರುವ ತೈಲವನ್ನು ಮೇಲೆತ್ತುವುದಕ್ಕೂ ಸಮನಾಗಿ ಸಲ್ಲುವಂತಾಯಿತು. ಬಿಟ್ಟುಕೊಟ್ಟ ಮಾನ್ಯ ಕಾಲಾಂತರದಲ್ಲಿ ಯಾರ ಕೈ ಸೇರುತ್ತದೆ ಎಂಬುದನ್ನು ಬಲ್ಲ ಇತಿಹಾಸದ ವಿದ್ಯಾರ್ಥಿಗೆ ಇದು ಆಶ್ಚರ್ಯವಲ್ಲ.

ಹೂಳಿದ್ದು ಕಣ್ಣಿಗೆ ಕಾಣುವುದಿಲ್ಲ. ದಾನಕ್ಕೆ ಇರುವ ತೊಡಕು ಇಲ್ಲಿಯೇ. ದಂಡದ ಪದ್ಧತಿಯಲ್ಲಿ ಸಂಸ್ಥೆ ತನ್ನ ಹಣವನ್ನು ಉಳಿಸಿಕೊಳ್ಳುತ್ತದೆ. ದಾನದ ಪದ್ಧತಿಯಲ್ಲಿ ಪ್ರಜೆಗಳ ಹಣವನ್ನು ಪಡೆಯುತ್ತದೆ. ಎರಡರಲ್ಲಿಯೂ ಅಳತೆ ಬೇಕು. ಆದರೆ ಎರಡನೆಯದರಲ್ಲಿ ಅಳತೆ ತಪ್ಪಿದರೆ ಬೊಕ್ಕಸದ ಹಣ ಹೊರಟೇ ಹೋಗಿರುತ್ತದೆ. ಅಮೆರಿಕದ ಖಜಾನೆಯ ತೆರಿಗೆ ಆಡಳಿತವನ್ನು ತಪಾಸಣೆ ಮಾಡುವ ಮಹಾಪರೀಕ್ಷಕರು 2020ರಲ್ಲಿ ಹೊರಗೆಡಹಿದ ಸಂಗತಿ ಇದಕ್ಕೆ ನಿದರ್ಶನ. ಒಂದು ದಶಕದಲ್ಲಿ ಸಂಸ್ಥೆಗಳು ಕೇಳಿ ಪಡೆದ ಸುಮಾರು 100 ಕೋಟಿ ಡಾಲರ್ ಸೋಡಿಯಲ್ಲಿ 89 ಕೋಟಿಗೂ ಮಿಕ್ಕಿದ ಮೊತ್ತವನ್ನು, ಪರಿಸರ ಇಲಾಖೆ ಕೇಳುವ ಉಸ್ತುವಾರಿಯ ನಿಯಮಗಳನ್ನು ಪಾಲಿಸದವರು ಪಡೆದಿದ್ದರು. ಹೂಳಿದ್ದರೋ ಇಲ್ಲವೋ, ಹೂಳಿದ್ದನ್ನು ತೋರಿಸಿಕೊಡುವ ಕಾಗದ ಅವರಲ್ಲಿರಲಿಲ್ಲ.

ಹೊಗೆಯ ದಾರಿಯಲ್ಲಿರುವ ಊರವರ ಮಾತನ್ನೂ ಕೇಳಬೇಕು. 2020ರ ಫೆಬ್ರವರಿಯಲ್ಲಿ ಮಿಸಿಸಿಪಿಯ ಸಟಾರ್ಷಿಯ ಎಂಬ ಸಣ್ಣ ಊರಿನ ಬಳಿ, ಮಳೆಗೆ ಗುಡ್ಡ ಜರಿದು ಇಂಗಾಲಾಮ್ಲದ ಕೊಳವೆ ಒಡೆಯಿತು. ಗಾಳಿಗಿಂತ ಭಾರವಾದ ಅನಿಲ ತಗ್ಗಿನಲ್ಲಿ ಮಡುಗಟ್ಟಿತು. ಮೋಟಾರುಗಳ ಎಂಜಿನ್ನು ನಿಂತುಹೋದುವು. ನಲವತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಸುಮಾರು ಇನ್ನೂರು ಮಂದಿ ಊರು ಬಿಟ್ಟರು. ಪ್ರಾಣಹಾನಿಯಾಗದಿದ್ದುದು ಪುಣ್ಯ. ಮುಂದೆ ಮಧ್ಯಪಶ್ಚಿಮ ಪ್ರಾಂತಗಳಲ್ಲಿ ಎಥೆನಾಲ್ ಕಾರ್ಖಾನೆಗಳಿಂದ ಕೊಳವೆ ಎಳೆಯಲು ಹೊರಟಾಗ ಜೋಳದ ಹೊಲಗಳ ಒಡೆಯರು ಎದುರು ನಿಂತರು. 2025ರ ಮಾರ್ಚಿಯಲ್ಲಿ ದಕ್ಷಿಣ ಡಕೋಟ ರಾಜ್ಯ, ಇಂಥ ಕೊಳವೆಗಾಗಿ ರೈತರ ನೆಲವನ್ನು ಬಲವಂತದಿಂದ ತೆಗೆದುಕೊಳ್ಳುವುದನ್ನು ನಿಷೇಧಿಸಿತು. ತೆರಿಗೆಯ ಮಾನ್ಯ ಸಂಸ್ಥೆಗೆ, ಅಪಾಯದ ಪಾಲು ನಮಗೆ ಎಂಬ ಅವರ ದೂರನ್ನು ತಳ್ಳಿಹಾಕುವಂತಿಲ್ಲ.

ಹಾಗಾದರೆ ಈ ಪ್ರಯತ್ನವೇ ವ್ಯರ್ಥವೆ? ಹಾಗೆಂದು ತೀರ್ಮಾನಿಸುವುದು ಆತುರವಾದೀತು. ವಿದ್ಯುತ್ತನ್ನು ಬಿಸಿಲಿನಿಂದಲೂ ಗಾಳಿಯಿಂದಲೂ ಪಡೆಯಬಹುದು. ಸಿಮೆಂಟಿನ ಸಂಗತಿ ಹಾಗಲ್ಲ. ಸುಣ್ಣಕಲ್ಲನ್ನು ಸುಟ್ಟಾಗ ಇಂಗಾಲಾಮ್ಲ ಕಲ್ಲಿನಿಂದಲೇ ಹೊರಡುತ್ತದೆ; ಒಲೆಗೆ ಯಾವ ಉರುವಲು ಹಾಕಿದರೂ ಅದು ತಪ್ಪದು. ಅಂಥ ಕಡೆ ಹೂಳುವ ವಿದ್ಯೆಗೆ ಸ್ಥಾನವಿದೆ, ಅದಕ್ಕೆ ರಾಜ್ಯದ ನೆರವೂ ನ್ಯಾಯವೇ. ನೆರವಿನ ಕರಾರು ಎಂಥದೆಂಬುದು ಮುಖ್ಯ.

ಈ ಕರಾರಿನ ವಿಷಯದಲ್ಲಿ ನಮ್ಮ ಹಳೆಯ ಶಾಸನಕಾರರು ಒಂದು ಮಾತನ್ನು ಬಲ್ಲವರಾಗಿದ್ದರು. ಕೆರೆಯನ್ನು ಕಟ್ಟಿದವನಿಗೆ ಕೊಟ್ಟ ಕೊಡಗೆ ಒಂದು. ಅದನ್ನು ವರ್ಷ ವರ್ಷವೂ ಹೂಳೆತ್ತಿ ಕಾಯುವುದಕ್ಕೆ ಬಿಟ್ಟ ದತ್ತಿ ಇನ್ನೊಂದು. ಕೆರೆ ಇರುವವರೆಗೆ ಕಾವಲೂ ಇರಬೇಕೆಂಬುದು ಅವರ ಎಣಿಕೆ. 45ಕ್ಯೂ ವಿಧಿಯ ಸೋಡಿ 12 ವರ್ಷ ದೊರೆಯುತ್ತದೆ. ಹೂಳಿದ ಅನಿಲ ಸೋರಿದರೆ ಸೋಡಿಯನ್ನು ಹಿಂದಕ್ಕೆ ಪಡೆಯಲು ಸರ್ಕಾರ ಹಿಂದಿನ ಮೂರು ವರ್ಷಗಳ ಲೆಕ್ಕವನ್ನು ಮಾತ್ರ ತೆರೆಯಬಹುದು. ಇಂಗಾಲಾಮ್ಲ ಕಲ್ಲಿನೊಳಗೆ ಅಡಗಿರಬೇಕಾದುದು ನೂರಾರು, ಸಾವಿರಾರು ವರ್ಷ. ಆ ಬಾವಿಯ ಮುಚ್ಚಳವನ್ನು ಅಷ್ಟು ಕಾಲ ಕಾಯುವವರು ಯಾರು, ಅವರಿಗೆ ಕೂಲಿ ಕೊಡುವವರು ಯಾರು ಎಂಬುದನ್ನು ಮಾನ್ಯ ಬರೆಯುವಾಗಲೇ ಬರೆದಿಡಬೇಕು.

(ಬಾನುಲಿ ಭಾಷಣ)