ಗಜನಿಯ ಬಾಗಿಲು ಯಾರ ಕೈಲಿ?

ಅಘನಾಶಿನಿ ಅಳಿವೆಯ ಚರಿತ್ರೆ ಬರೆಯುವವರೆಲ್ಲ ಮಿರ್ಜಾನ್ ಕೋಟೆಯಿಂದಲೇ ಶುರು ಮಾಡುತ್ತಾರೆ. ತದಡಿಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಅಷ್ಟು ರುಚಿಸುವುದಿಲ್ಲ. ಕೋಟೆಯ ಧಣಿಗಳು ಬಂದರು, ಹೋದರು. ಕಾಳುಮೆಣಸಿನ ವ್ಯಾಪಾರ ಕಂಡು ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದರು. ಆಮೇಲೆ ಕೆಳದಿಯವರು, ಹೈದರ್, ಟಿಪ್ಪು, 1799ರಲ್ಲಿ ಕಂಪನಿ. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದೆವು, 1956ರಲ್ಲಿ ಮೈಸೂರಿಗೆ.

ಇಷ್ಟೆಲ್ಲ ಆದರೂ ಐಗಳಕುರ್ವೆಯಂಥ ನಡುಗಡ್ಡೆಯಲ್ಲಿ, ಆಚೆ ಮಾಣಿಕಟ್ಟಾದಲ್ಲಿ, ನಿಜವಾದ ಆಡಳಿತವೆಂದರೆ ಒಂದೇ: ಉಪ್ಪುನೀರನ್ನು ಯಾವಾಗ ಒಳಗೆ ಬಿಡಬೇಕು, ಯಾವಾಗ ತಡೆಯಬೇಕು. ಅದನ್ನು ತೀರ್ಮಾನಿಸುತ್ತಿದ್ದವರು ಗಜನಿ ಎಂಬ ಉಪ್ಪುನೀರಿನ ಗದ್ದೆಗಳ ಬೇಸಾಯಗಾರರು. ಹೊಳೆಯ ಅಂಚಿಗೆ ಮಣ್ಣಿನ ಕಟ್ಟು, ಕಟ್ಟಿನ ನಡುವೆ ಹಲಗೆಯ ಬಾಗಿಲು. ಮಳೆಗಾಲಕ್ಕೆ ಮೊದಲು ಗದ್ದೆ ಒಣಗಿಸಿ ಹೂಟಿ ಮಾಡುವುದು, ಮೊದಲ ಮಳೆಯ ನೀರಿಗೆ ಉಪ್ಪು ತೊಳೆದು ಹೋದಮೇಲೆ ಮೊಳಕೆ ಬಂದ ಕಗ್ಗ ಎಂಬ ಭತ್ತದ ಬೀಜ ಎರಚುವುದು. ಗೊಬ್ಬರವಿಲ್ಲ, ಔಷಧವಿಲ್ಲ. ನೆರೆ ನಿಂತರೂ ಕಗ್ಗ ನೀರಿನ ಮೇಲೆ ತಲೆ ಎತ್ತುತ್ತದೆ. ಕೊಯ್ಲಿನಲ್ಲಿ ಸೊಂಟದ ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ದು ದೋಣಿಗೆ ಹಾಕುವುದೂ ಉಂಟು. ಅದರ ಕೆಂಪು ಕುಚಲಕ್ಕಿಯ ಗಂಜಿ ಬೆಳಿಗ್ಗೆ ಕುಡಿದರೆ ಮಧ್ಯಾಹ್ನದವರೆಗೆ ಹಸಿವಿನ ಮಾತೇ ಇಲ್ಲ.

ಕೊಯ್ಲು ಮುಗಿದಮೇಲೆ ಬಾಗಿಲು ತೆರೆಯುತ್ತದೆ. ಭರತದ ನೀರಿನೊಂದಿಗೆ ಸಿಗಡಿ ಮರಿ, ಮೀನು ಮರಿ ಒಳಗೆ ಬರುತ್ತವೆ. ಭತ್ತದ ಕೂಳೆ ಕೊಳೆತದ್ದೇ ಅವಕ್ಕೆ ಮೇವು. ಇಳಿತದ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟಿದರೆ ಮುಗಿಯಿತು. ಒಂದೇ ನೆಲದಲ್ಲಿ ಅಕ್ಕಿಯೂ ಮೀನೂ. ಮಗ್ಗುಲಲ್ಲೇ ಸಾಣಿಕಟ್ಟಾದ ಉಪ್ಪಿನ ಆಗರ. ಹೊಳೆಯ ನಡುವಿನ ಮರಳುದಿಬ್ಬದಲ್ಲಿ ಇಳಿತಕ್ಕೆ ಕಾದು ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರು. ಇವೆಲ್ಲ ಸೇರಿದ್ದೇ ನಮ್ಮ ಅರ್ಥವ್ಯವಸ್ಥೆ.

ಪೆಸಿಫಿಕ್ ಸಾಗರದ ತುವಾಲು ದೇಶವೂ ಹೀಗೇ ಉಪ್ಪುನೀರಿನ ಜೊತೆ ಬಾಳುವುದರಿಂದ ನನಗೆ ಹತ್ತಿರದ್ದು. ಒಂಬತ್ತು ದ್ವೀಪ, ಒಟ್ಟು 26 ಚದರ ಕಿಲೋಮೀಟರ್ ನೆಲ. 1978ರಲ್ಲಿ ಸ್ವತಂತ್ರವಾಯಿತು, ರಾಜಧಾನಿ ಫುನಾಫುಟಿ. ನೆಲವನ್ನು ಆಳವಾಗಿ ತೋಡಿ, ತಳದ ಸಿಹಿನೀರಿನಲ್ಲಿ ಪುಲಾಕಾ ಎಂಬ ಕೆಸುವಿನ ಜಾತಿಯ ಗಡ್ಡೆ ಬೆಳೆಯುವ ಪದ್ಧತಿ ಅಲ್ಲಿಯದು. ಕಡಲು ನುಗ್ಗಿ ಆ ಗುಂಡಿಗಳು ಉಪ್ಪಾಗುತ್ತಿವೆ. ಆದರೆ ಅಲ್ಲಿ ಪಾರ್ಲಿಮೆಂಟಿನ ಜೊತೆಗೆ ದ್ವೀಪದ್ವೀಪಕ್ಕೂ ‘ಕೌಪುಲೆ’ ಎಂಬ ಸ್ಥಳೀಯ ಆಡಳಿತವಿದೆ. ಊರ ವ್ಯವಹಾರ ಅದರ ಕೈಲಿ. ನಮ್ಮ ಅಳಿವೆಯ ರಾಮ್ಸಾರ್ (ಅಂತರರಾಷ್ಟ್ರೀಯ ಮಾನ್ಯತೆಯ ಜೌಗುಭೂಮಿ) ಪ್ರದೇಶವೇ 4,801 ಹೆಕ್ಟೇರ್, ಅಂದರೆ ತುವಾಲುವಿನ ನೆಲಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದು. ಕೌಪುಲೆಯಂಥದ್ದು ಮಾತ್ರ ನಮಗಿಲ್ಲ.

ಒಂದು ಕಾಲಕ್ಕೆ ಇತ್ತು ಎನ್ನಬಹುದು. ಕಟ್ಟು ಒಡೆದರೆ ಊರೇ ಇಳಿದು ಮಣ್ಣು ಹಾಕುತ್ತಿತ್ತು. 1970ರ ದಶಕದಲ್ಲಿ ಸರ್ಕಾರ ಕಲ್ಲಿನ ಕಾಯಂ ಕಟ್ಟು ಕಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಕಟ್ಟು ಇಲಾಖೆಯದಾದಮೇಲೆ ದುರಸ್ತಿಯ ಹೊಣೆಯೂ ಇಲಾಖೆಯದು ಎಂದು ಜನ ಕೈಕಟ್ಟಿ ಕೂತರು. ಸಿಗಡಿಗೆ ರೇಟು ಬಂದಾಗ ಬಾಗಿಲು ಗುತ್ತಿಗೆದಾರರ ಕೈಗೆ ಹೋಯಿತು. ಅವರಿಗೆ ಕಗ್ಗ ಬೇಕಿರಲಿಲ್ಲ, ಮಳೆಗಾಲದಲ್ಲೂ ಉಪ್ಪುನೀರೇ ಬೇಕಿತ್ತು. ಎಷ್ಟೋ ಗಜನಿ ಹಾಗೇ ಪಾಳುಬಿದ್ದವು.

ತದಡಿಯಲ್ಲಿ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಜನ ಒಟ್ಟಾಗಿ ವಿರೋಧಿಸಿದರು, ಯೋಜನೆ ನಿಂತಿತು. 2024ರಲ್ಲಿ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು. ಸಂತೋಷವೇ. ಆದರೆ ರಾಮ್ಸಾರ್ ಫಲಕ ಕಟ್ಟಿಗೆ ಒಂದು ಬುಟ್ಟಿ ಮಣ್ಣು ಹಾಕುವುದಿಲ್ಲ. ಬಾಗಿಲಿನ ಅಧಿಕಾರವನ್ನು ಮತ್ತೆ ಗಜನಿ ರೈತರ ಸಂಘಗಳಿಗೇ ಕೊಡಿ. ಕಟ್ಟಿನ ದುರಸ್ತಿಗೆ ಹಣವನ್ನೂ, ಕಗ್ಗಕ್ಕೆ ತಕ್ಕ ಬೆಲೆಯನ್ನೂ ಕೊಡಿ.