ಕ್ಯೂಸು

ಹಸಿರು ಚಹಾದ ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ ಬಟ್ಟಲಿಗೆ ಬಗ್ಗಿಸಲು ಜಪಾನೀಯರು ಬಳಸುವ ಸಣ್ಣ ಪಾತ್ರೆಗೆ ಕ್ಯೂಸು ಎಂದು ಹೆಸರು. ಹೆಚ್ಚಿನವು ಸುಟ್ಟ ಜೇಡಿಮಣ್ಣಿನವು. ಮೂತಿಗೆ ಹೆಚ್ಚುಕಡಿಮೆ ಲಂಬಕೋನದಲ್ಲಿ ಪಕ್ಕಕ್ಕೆ ಚಾಚಿದ ಟೊಳ್ಳು ಹಿಡಿ ಇದರ ಗುರುತು. ಮೂತಿಯ ಬುಡದಲ್ಲಿ, ಪಾತ್ರೆಯ ಒಳಗೆ, ಒಂದು ಜರಡಿ ಇರುತ್ತದೆ. ಕೊಳ್ಳುವವರು ಬಣ್ಣ, ಆಕಾರ ನೋಡಿ ಮರುಳಾಗುತ್ತಾರೆ. ಆದರೆ ಮುಚ್ಚಳ ತೆಗೆದು ಮೊದಲು ನೋಡಬೇಕಾದದ್ದು ಈ ಜರಡಿಯನ್ನು. ಚಹಾದ ಎಲೆ ಬದಲಾದಂತೆಲ್ಲ ಅದೂ ಬದಲಾಗುತ್ತ ಬಂದಿದೆ.

ಎಲೆಯನ್ನು ಪುಡಿಮಾಡಿ ಬಟ್ಟಲಲ್ಲೇ ಕಡೆಯುವ ಮಚ್ಚಾಕ್ಕೆ ಇಂಥ ಪಾತ್ರೆ ಬೇಕಿರಲಿಲ್ಲ. 1654ರಲ್ಲಿ ಚೀನಾದಿಂದ ನಾಗಸಾಕಿಗೆ ಬಂದು, 1661ರಲ್ಲಿ ಉಜಿಯಲ್ಲಿ ಮಂಪುಕುಜಿ ಮಠ ಕಟ್ಟಿದ ಬೌದ್ಧ ಗುರು ಇಂಗೆನ್ ಎಲೆ ನೆನೆಸಿ ಕುಡಿಯುವ ಪದ್ಧತಿಯನ್ನು ಹರಡಿದರೆಂದು ಜಪಾನಿನಲ್ಲಿ ನೆನೆಯುತ್ತಾರೆ. ಅದೇ ಪರಂಪರೆಯ ಸನ್ಯಾಸಿ ಬೈಸಾವೊ ಕ್ಯೋಟೋದ ಬೀದಿಗಳಲ್ಲಿ ಚಹಾ ಮಾರಿ ಬದುಕಿದ. ಮುಪ್ಪಿನಲ್ಲಿ, 1755ರಲ್ಲಿ, ತನ್ನ ಚಹಾ ಸಾಮಾನುಗಳನ್ನು ತಾನೇ ಸುಟ್ಟುಹಾಕಿದ. ಇತ್ತ 1738ರಲ್ಲಿ ಉಜಿ ಸೀಮೆಯ ನಗತಾನಿ ಸೋಯೆನ್ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಹೊಸೆದು ಒಣಗಿಸುವ ವಿಧಾನವನ್ನು ರೂಪಿಸಿದ. ಇಂದಿನ ಸೆಂಚಾ ಅದರ ಫಲ.

ಚೀನಾದ ಪಾತ್ರೆಗಳನ್ನು ನೋಡಿ ಕಲಿತ ಜಪಾನಿನ ಕುಂಬಾರರು ಬೇಗನೆ ತಮ್ಮದೇ ದಾರಿ ಹಿಡಿದರು. ಕ್ಯೋಟೋದಲ್ಲಿ ಆಒಕಿ ಮೊಕುಬೆಯ್ ಹೆಸರಾದ. ಐಚಿ ಪ್ರಾಂತದ ತೊಕೊನಾಮೆಯಲ್ಲಿ ಸುಗಿಎ ಜುಮೊನ್ 1854ರ ಹೊತ್ತಿಗೆ ಕೆಂಪು ಮಣ್ಣಿನ ಪಾತ್ರೆ ಸಿದ್ಧಮಾಡಿದ. 1878ರಲ್ಲಿ ಕೊಇಎ ಹೋಜು ಚೀನಾದ ಜಿನ್ ಶಿಹೆಂಗ್‌ನನ್ನು ಊರಿಗೆ ಕರೆಸಿ, ಚೀನಾದ ಕುಂಬಾರಿಕೆಯ ಊರಾದ ಯಿಶಿಂಗ್‌ನ ಕೈಕೆಲಸವನ್ನು ಕಲಿಸಿಕೊಡುವಂತೆ ಏರ್ಪಾಡು ಮಾಡಿದ. ಮೆರುಗು ಹಚ್ಚದ ಆ ಮಣ್ಣಿಗೆ ಕೆಂಪು ಬರುವುದು ಅದರೊಳಗಿನ ಕಬ್ಬಿಣದಿಂದ. ಈ ಊರಿನ ಮೂರನೆಯ ಯಮಾದಾ ಜೋಜಾನ್‌ಗೆ 1998ರಲ್ಲಿ ‘ಜೀವಂತ ರಾಷ್ಟ್ರೀಯ ಸಂಪತ್ತು’ ಎಂಬ ಮನ್ನಣೆ ಸಂದದ್ದು ಕ್ಯೂಸು ಮಾಡಿದ್ದಕ್ಕಾಗಿಯೇ. ಅಂಗೈಯಲ್ಲಿ ಹಿಡಿಸುವ ಒಂದು ಪಾತ್ರೆಗೆ ಸಿಕ್ಕ ಗೌರವ ಅದು. ಮಿಎ ಪ್ರಾಂತದ ಯೊಕ್ಕಾಇಚಿಯ ಬಾಂಕೊ ಪಾತ್ರೆಗಳದು ಕಂದು-ನೇರಳೆ ಬಣ್ಣ.

ಹಳೆಯ ಜರಡಿ ಬಲು ಸರಳ: ಮೂತಿ ಕೂಡುವ ಕಡೆ ಪಾತ್ರೆಯ ಗೋಡೆಗೇ ಚುಚ್ಚಿದ ಕೆಲವು ತೂತುಗಳು. ಉದ್ದುದ್ದ ಹೊಸೆದ ಎಲೆಗೆ ಅಷ್ಟು ಸಾಕು. ನೀರಿನಲ್ಲಿ ಅರಳಿದ ಎಲೆ ತೂತಿನ ಮುಂದೆ ಒತ್ತಿ ನಿಂತು ತಾನೇ ಜರಡಿಯಾಗುತ್ತದೆ. ಆಮೇಲೆ ತೆಳು ಮಣ್ಣಿನ ತಟ್ಟೆಗೆ ಒತ್ತೊತ್ತಾಗಿ ಸಣ್ಣ ತೂತು ಕೊರೆದು, ಹಸಿಯಿರುವಾಗಲೇ ಒಳಗೆ ಅಂಟಿಸುವ ಕೆಲಸ ಬಂತು. ಒಳಕ್ಕೆ ಉಬ್ಬಿದ ಬುಗುಟಿನಂತೆ ಕೂರಿಸಿದರೆ ತೂತುಗಳಿಗೆ ಜಾಗ ಹೆಚ್ಚು, ಕಟ್ಟಿಕೊಳ್ಳುವುದು ಕಡಿಮೆ. ಕುಶಲ ಕೈಯ ಪರೀಕ್ಷೆ ಇಲ್ಲಿಯೇ ಆಗುತ್ತದೆ.

ಎರಡನೆಯ ಮಹಾಯುದ್ಧದ ನಂತರ ಶಿಜುಒಕಾ ಪ್ರಾಂತದ ಮಾಕಿನೊಹಾರಾದ ಕಡೆ ಎಲೆಯನ್ನು ಹೆಚ್ಚು ಹೊತ್ತು ಹಬೆಯಲ್ಲಿ ಬೇಯಿಸುವ ಫುಕಾಮುಶಿ ಚಹಾ ಬೆಳೆಯಿತು. ರುಚಿ ಮೃದು, ಬಣ್ಣ ದಟ್ಟ ಹಸಿರು. ಆದರೆ ಮೆತ್ತಗಾದ ಎಲೆ ನುಚ್ಚಾಗಿ ಒಡೆಯುತ್ತದೆ. ಆ ನುಚ್ಚು ಮಣ್ಣಿನ ತೂತುಗಳಿಗೆ ಸಿಕ್ಕಿಕೊಂಡು ಧಾರೆ ತೊಟ್ಟಿಕ್ಕತೊಡಗುತ್ತದೆ, ಒಳಗೆ ನಿಂತ ಚಹಾ ಕಹಿಯಾಗುತ್ತದೆ. ಒಳಗೋಡೆಯ ಸುತ್ತ ಪಟ್ಟಿಯಂತೆ ಕೂರುವ ಸ್ಟೀಲ್ ಜಾಲರಿ ಈ ತೊಂದರೆಗೆ ಒಳ್ಳೆಯ ಪರಿಹಾರ. ಎತ್ತಿ ತೆಗೆಯುವ ಬುಟ್ಟಿಯಂಥ ಜಾಲರಿ ತೊಳೆಯಲು ಸುಲಭ ನಿಜ, ಆದರೆ ಎಲೆಗೆ ಅರಳಲು ಜಾಗವಿಲ್ಲ. ನೀರು ಕಡಿಮೆಯಿದ್ದರೆ ಎಲೆ ಪೂರ್ತಿ ನೆನೆಯುವುದೂ ಇಲ್ಲ. ಒಳ್ಳೆಯ ಸೆಂಚಾ ಕುಡಿಯುವವರಿಗೆ ಅದು ತಕ್ಕದ್ದಲ್ಲ.

ಆದ್ದರಿಂದ ಮೊದಲು ಎಲೆ ಗೊತ್ತಾಗಬೇಕು, ಪಾತ್ರೆ ಆಮೇಲೆ. ಬೆಚ್ಚನೆಯ ನೀರಿನಲ್ಲಿ ಗುಟುಕಿನಷ್ಟೇ ಬಗ್ಗಿಸುವ ಗ್ಯೊಕುರೊಗೆ ಪುಟ್ಟದು, ಹಿಡಿಯೇ ಇಲ್ಲದ ಹೋಹಿನ್ ಆದರೂ ಸರಿ. ಇಬ್ಬರು ಮೂವರ ಸೆಂಚಾಗೆ 200ರಿಂದ 300 ಮಿಲಿಲೀಟರಿನದು. ಕುದಿನೀರು ಬೇಡುವ ಹುರಿದ ಹೋಜಿಚಾಕ್ಕೆ, ಮೇಲೆ ಕಮಾನು ಹಿಡಿಯಿರುವ ದೊಡ್ಡ ದೋಬಿನ್. ಎರಕದ ಕಬ್ಬಿಣದ್ದನ್ನು ಕೊಳ್ಳುವವರು ಒಳಗೆ ಎನಾಮೆಲ್ ಇದೆಯೇ ನೋಡಬೇಕು: ಇದ್ದರೆ ಅದು ಎಲೆ ನೆನೆಸಲು ಮಾತ್ರ, ಒಲೆಯ ಮೇಲಿಟ್ಟು ನೀರು ಕಾಯಿಸುವ ತೆತ್ಸುಬಿನ್ ಬೇರೆ.

ಪಕ್ಕದ ಹಿಡಿ ಬಲಗೈಗೆ ಅಳವಟ್ಟದ್ದು. ಹೆಬ್ಬೆರಳು ಮುಚ್ಚಳದ ಮೇಲೆ ಕೂರುತ್ತದೆ. ಎಡಗೈಯವರಿಗೆಂದು ತಿರುಗಿಸಿ ಮಾಡಿದವೂ ಸಿಗುತ್ತವೆ. ಮೂತಿಯ ತುದಿಗೆ ಸಿಕ್ಕಿಸಿರುವ ಪ್ಲಾಸ್ಟಿಕ್ ಕೊಳವೆ ಸಾಗಣೆಯಲ್ಲಿ ಮಣ್ಣು ಒಡೆಯದಿರಲೆಂದು ಹಾಕಿದ್ದು. ಮನೆಗೆ ತಂದಕೂಡಲೆ ಅದನ್ನು ಕಿತ್ತುಹಾಕಬೇಕು, ಇಲ್ಲವಾದರೆ ಸಂದಿಯಲ್ಲಿ ಚಹಾ ನಿಂತು ಕೊಳೆ ಕಟ್ಟುತ್ತದೆ.