ಕೊಡಗಿನ ಬಾಣೆಯೂ ಗದ್ದೆಯೂ: ಗೊಬ್ಬರದ ಸಾರವು ಹೊಳೆಗೆ ಹರಿಯುವ ವಿಚಾರ

ಕೊಡಗಿನ ಭೂಹಿಡುವಳಿಗಳನ್ನು ಕುರಿತು ವಿಚಾರಮಾಡುವಾಗ ಬಾಣೆಯೆಂಬ ಶಬ್ದಕ್ಕೆ 'ಕಂದಾಯವಿಲ್ಲದ ಕಾಡುಭೂಮಿ'ಯೆಂದು ಅರ್ಥಹೇಳಿ ಮುಂದೆ ಸಾಗುವುದು ರೂಢಿಯಾಗಿದೆ. ಈ ಅರ್ಥವು ತಪ್ಪಲ್ಲ; ಆದರೆ ಅಪೂರ್ಣವಾದುದು. ಬಾಣೆಯು ಮುಖ್ಯವಾಗಿ ಗೊಬ್ಬರದ ವ್ಯವಸ್ಥೆಯ ಒಂದು ಅಂಗವೆಂದೂ, ಆ ವ್ಯವಸ್ಥೆಯು ಸಡಿಲಿದುದರಿಂದ ನದಿಗಳಿಗೆ ಒದಗಬಹುದಾದ ಕೇಡನ್ನು ತೂಗಿ ನೋಡಬೇಕೆಂದೂ ತಿಳಿಸುವುದೇ ಈ ಲೇಖನದ ಉದ್ದೇಶ.

ಬಾಣೆಗೆ ಸ್ವತಂತ್ರವಾದ ಅಸ್ತಿತ್ವವಿರಲಿಲ್ಲ. ವರ್ಗವೆಂಬ ಗದ್ದೆಯ ಹಿಡುವಳಿಗೆ ಅದು ಉಪಾಂಗವಾಗಿ ಸಂದಿತ್ತು. ದನಗಳ ಮೇವು, ಸೊಪ್ಪಿನ ಗೊಬ್ಬರ, ಸೌದೆ ಇವೇ ಅದರ ಪ್ರಯೋಜನಗಳು. 1899ರ ಕೊಡಗಿನ ಭೂಕಂದಾಯ ಶಾಸನವೂ ಈ ಸಂಬಂಧವನ್ನು ಅಂಗೀಕರಿಸಿತು. ಬಾಣೆಯ ಸೊಪ್ಪು ಕೊಟ್ಟಿಗೆಗೆ ಬಂದು, ಸಗಣಿಯೊಡನೆ ಬೆರೆತು, ಗುಂಡಿಯಲ್ಲಿ ಕಳಿತು, ಕಣಿವೆಯ ಗದ್ದೆಯನ್ನು ಸೇರುವುದು. ಬೆಟ್ಟದ ಸಾರವು ಮನುಷ್ಯನ ಕೈಯಿಂದ ಇಳಿದು, ಗದ್ದೆಯ ಬದುವಿನೊಳಗೆ ನಿಲ್ಲುತ್ತಿತ್ತು.

ಆ ಸಾರದಲ್ಲಿ ಪ್ರಧಾನವಾದುದೊಂದು ರಂಜಕ, ಅಥವಾ ಫಾಸ್ಫರಸ್. ಇದನ್ನು 1669ರಲ್ಲಿ ಜರ್ಮನಿಯ ಹೆನ್ನಿಗ್ ಬ್ರಾಂಡನು ಮೂತ್ರದಿಂದ ಬೇರ್ಪಡಿಸಿದನು. ಪೈರಿಗೆ ಜೀವಾಧಾರವಾದ ಈ ದ್ರವ್ಯವೇ ನಿಂತ ನೀರನ್ನು ಸೇರಿದರೆ ಪಾಚಿಯನ್ನು ಬೆಳೆಸುವುದು. ಕೆನಡಾದಲ್ಲಿ 1973ರಲ್ಲಿ ಷಿಂಡ್ಲರ್ ಎಂಬ ವಿದ್ವಾಂಸನು ಸರೋವರವೊಂದನ್ನು ತೆರೆಯಿಂದ ಎರಡಾಗಿ ವಿಭಾಗಿಸಿ, ಎರಡು ಕಡೆಗೂ ಇಂಗಾಲ ಸಾರಜನಕಗಳನ್ನೂ ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಲಾಗಿ, ರಂಜಕವಿದ್ದ ಭಾಗವೇ ಪಾಚಿಯಿಂದ ಹಸುರಾಯಿತು.

ಕಬ್ಬಿಣ ಅಲ್ಯೂಮಿನಿಯಂಗಳುಳ್ಳ ಕೆಮ್ಮಣ್ಣು ರಂಜಕವನ್ನು ಬಿಗಿಯಾಗಿ ಹಿಡಿಯುವುದು. ಆದುದರಿಂದ ಅದು ಬಹುಮಟ್ಟಿಗೆ ಕೊಚ್ಚಿಹೋಗುವ ಮಣ್ಣಿನೊಡನೆಯೇ ಸಾಗುತ್ತದೆ. ಹೊಸದಾಗಿ ನೆಲದ ಮೇಲೆ ಹರಡಿದ ಗೊಬ್ಬರದ ಮೇಲೆ ಬಿರುಮಳೆ ಬಿದ್ದರಾದರೋ ನೀರಿನಲ್ಲಿ ಕರಗಿಯೂ ಹೋಗುವುದು. ಈ ಅಪಾಯವನ್ನು ಅಳೆಯಲು ಅಮೆರಿಕದ ಲೆಮುನ್ಯನ್ ಮತ್ತು ಗಿಲ್ಬರ್ಟ್ ಎಂಬವರು 1993ರಲ್ಲಿ ಒಂದು ಸೂಚ್ಯಂಕವನ್ನು ರೂಪಿಸಿದರು. ಮಣ್ಣಿನಲ್ಲಿರುವ ರಂಜಕ, ಹಾಕಿದ ಗೊಬ್ಬರದ ಪ್ರಮಾಣ, ಹಾಕಿದ ರೀತಿ ಇವು ಮೂಲಾಂಶಗಳು. ಮಣ್ಣಿನ ಸವೆತ, ನೀರಿನ ಹರಿವು ಇವು ಸಾಗಣೆಯ ಅಂಶಗಳು. ನಮ್ಮ ಶಾಸ್ತ್ರಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯವು ಉಪಾದಾನ, ಎರಡನೆಯವು ನಿಮಿತ್ತ. ಎರಡೂ ಕೂಡದೆ ಕಾರ್ಯವು ಹುಟ್ಟದು. ಅನಂತರದ ವಿದ್ವಾಂಸರು ಇವೆರಡನ್ನೂ ಕೂಡಿಸದೆ ಗುಣಿಸಬೇಕೆಂದು ತಿದ್ದಿದುದಕ್ಕೆ ಇದೇ ಕಾರಣ.

ಈ ಮಾನದಿಂದ ಕೊಡಗನ್ನು ಪರೀಕ್ಷಿಸೋಣ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮಿಕ್ಕು ಮಳೆ. ಅದರ ಬಹುಭಾಗವು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ನಿಮಿತ್ತವು ಇಷ್ಟು ಪ್ರಬಲವಾಗಿದ್ದರೂ ಗದ್ದೆಯಲ್ಲಿ ಎರಡು ತಡೆಗಳಿದ್ದುವು: ಉತ್ತು ಗೊಬ್ಬರವನ್ನು ಮಣ್ಣಿನಲ್ಲಿ ಮುಚ್ಚುವುದು ಒಂದು, ಬದುವು ಇನ್ನೊಂದು. ಕೃಷಿಪರಾಶರವೂ ಗೊಬ್ಬರವನ್ನು ಒಣಗಿಸಿ ಪುಡಿಮಾಡಿ, ಫಾಲ್ಗುನದಲ್ಲಿ ಹೊಲದ ಗುಂಡಿಗಳಲ್ಲಿ ಇಡಬೇಕೆಂದು ವಿಧಿಸಿರುವುದು ಇಲ್ಲಿ ಸ್ಮರಣೀಯ. ಆದರೂ ಗದ್ದೆಯು ಸರ್ವಥಾ ನಿರ್ದೋಷವೆನ್ನಲಾಗದು. ಕೆಸರುಮಾಡಿದ ಕೂಡಲೇ ಕದಡಿದ ನೀರನ್ನು ಹೊರಬಿಟ್ಟರೆ ಸಾರವೂ ಅದರೊಡನೆ ಹೋಗುವುದು.

1854ರಲ್ಲಿ ಫೌಲರನು ಮಡಿಕೇರಿಯಲ್ಲಿ ಕಾಫಿಯ ತೋಟವನ್ನು ತೆರೆದ ಮೇಲೆ ಇಳಿಜಾರುಗಳಲ್ಲಿ ಕಾಫಿಯು ಹಬ್ಬಿತು. ಕಾಲಕ್ರಮದಲ್ಲಿ ಅನೇಕ ಬಾಣೆಗಳೂ ತೋಟಗಳಾದುವು. ಕಣಿವೆಗೆ ಇಳಿಯುತ್ತಿದ್ದ ಗೊಬ್ಬರವು ಇಳಿಜಾರಿನಲ್ಲಿಯೇ ಉಳಿಯತೊಡಗಿತು. ನೆರಳಿನ ಮರಗಳೂ ಉದುರೆಲೆಗಳೂ ಹರಿವನ್ನು ತಗ್ಗಿಸುವುದು ನಿಜ. ಆದರೆ ಮುಂಗಾರಿನ ಹೊಸ್ತಿಲಲ್ಲಿ ಗೊಬ್ಬರವನ್ನು ತೆರೆದಂತೆ ಹರಡಿ, ಕೆಳಗಿನ ಗದ್ದೆಯನ್ನೂ ಪಾಳುಬಿಟ್ಟು ಬದುವು ಒಡೆಯಗೊಟ್ಟರೆ, ಉಪಾದಾನವು ಮೇಲೆ, ನಿಮಿತ್ತವು ಆಕಾಶದಲ್ಲಿ, ನಡುವೆ ತಡೆಯೇ ಇಲ್ಲ! ಹಾರಂಗಿ ಲಕ್ಷ್ಮಣತೀರ್ಥಗಳ ಮೂಲಕ ಕಾವೇರಿಯನ್ನು ಸೇರುವ ಸಾರವು ಕೃಷ್ಣರಾಜಸಾಗರದ ನಿಂತ ನೀರಿನವರೆಗೂ ಹೋಗಬಲ್ಲುದು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಕೊಡಗಿನ ಮಣ್ಣು ಹೊಳೆಗಿಳಿಯುವ ದಾರಿಯನ್ನು ಎಲ್ಲರೂ ಕಣ್ಣಾರೆ ಕಂಡರು.

ಪೂರ್ವಿಕರು ರಂಜಕವನ್ನು ಅರಿತಿದ್ದರೆಂದು ಸಾಧಿಸುವುದು ನನ್ನ ಆಶಯವಲ್ಲ, ಅದು ವೃಥಾಭಿಮಾನವಾದೀತು. ಅವರು ಬಾಣೆಯನ್ನೂ ಗದ್ದೆಯನ್ನೂ ಒಂದೇ ಹಿಡುವಳಿಯೆಂದು ಎಣಿಸಿದರು. ಫಲವು ಅದರಿಂದ ತಾನಾಗಿ ಒದಗಿತು. ಇಂದು ಒಂದು ಭೂಮಿಯ ಅಪಾಯವನ್ನು ಗಣಿಸುವವರು ಗೊಬ್ಬರವನ್ನು ಎಷ್ಟು, ಯಾವಾಗ ಹಾಕಿತು, ಮುಚ್ಚಿತೇ, ಹೊಳೆಯು ಎಷ್ಟು ದೂರ, ನಡುವಣ ಬದುವು ಗಟ್ಟಿಯಾಗಿದೆಯೇ ಎಂದು ಕೇಳಬೇಕು. ಕಂದಾಯದ ಕಡತಗಳನ್ನು ಓದುವ ವಿದ್ವಾಂಸರೂ ಬಾಣೆಯ ಪಕ್ಕದಲ್ಲಿ ಅದರ ವರ್ಗವನ್ನಿಟ್ಟು ಓದಿದರೆ, ಬಾಣೆಯೆಂಬ ಆ ಒಂದು ಶಬ್ದದ ಪೂರ್ಣಾರ್ಥವು ಗೋಚರಿಸದಿರದು.